ಗೀರಿನ ಮೇಲೊಂದು ಸ್ಟಿಕ್ಕರ್

ಹೊಸ ಕಾರಿಗೆ ಮೊದಲ ಗೀರು ಬೀಳುವಾಗ ಬರುವ ಶಬ್ದ ಕೇಳಿದ್ದೀರಾ? ಕಾರು ನಿಮ್ಮದಾಗಿದ್ದರೆ ರಿಪೇರಿಯ ಖರ್ಚು ನೆನಪಾಗುತ್ತದೆ. ಹೆಂಡತಿಯ ತಂದೆಯದಾಗಿದ್ದರೆ ಅವರ ಮುಖ ನೆನಪಾಗುತ್ತದೆ.

ಕಳೆದ ಶನಿವಾರ ನನಗಾದದ್ದು ಎರಡನೆಯದು.

ನಮ್ಮ ಮಾವ ವೀರಭದ್ರಪ್ಪನವರು ತಾಂಡೂರಿನಲ್ಲಿ ಹಾಸುಗಲ್ಲಿನ ವ್ಯಾಪಾರಿ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಕೈಗೆ ತಮ್ಮ ಸ್ಕೂಟರ್ ಕೂಡ ಕೊಟ್ಟವರಲ್ಲ. ಅಂಥವರು ಹೊಸ ಸಿಲ್ವರ್ ಕಾರಿನಲ್ಲಿ ಜಹೀರಾಬಾದಿನ ನಮ್ಮ ಮನೆಗೆ ಬಂದಿದ್ದರು. ನಮಗೆ ನಾರಾಯಣಖೇಡದಲ್ಲಿ ತೊಟ್ಟಿಲ ಕಾರ್ಯ, ಬಸ್ಸಿಲ್ಲ. (ಯಾಕಿಲ್ಲ ಎಂದು ಕೇಳಬೇಡಿ. ತೆಲಂಗಾಣ ರಾಜ್ಯ ಬರುವವರೆಗೆ ಬಸ್ಸೂ ಬರುವುದಿಲ್ಲ ಎಂಬಂತಾಗಿದೆ.) ಮಾವ ತಾವಾಗಿಯೇ ಕೀಲಿಕೈ ಚಾಚಿದರು.

“ಅಳಿಯಂದ್ರ, ಹುಷಾರ್ರಿ. ಮಗಳನ್ನ ಕೊಡುವಾಗೂ ಇಷ್ಟು ಅಂಜಿಕಿ ಆಗಿದ್ದಿಲ್ಲ ನೋಡ್ರಿ,” ಅಂದರು.

ಆ ಮಗಳು, ಅಂದರೆ ನನ್ನ ಹೆಂಡತಿ, ಪಕ್ಕದಲ್ಲೇ ನಿಂತಿದ್ದಳು. ನಗಲಿಲ್ಲ. ನನಗೋ ಎದೆಯುಬ್ಬಿತ್ತು. ಕಾರಿಗಿಂತ ಆ ನಂಬಿಕೆ ದೊಡ್ಡದು ಅನ್ನಿಸಿತ್ತು.

ಹೋಗುವಾಗ ಎಲ್ಲ ಸರಿ. ವಾಪಸ್ ಬರುವಾಗ ಊರ ಹತ್ತಿರ ರಸ್ತೆಯ ನಡುವೆಯೇ ಒಲೆ ಹೂಡಿ ಅಡುಗೆ ನಡೆದಿತ್ತು. ಪ್ರತ್ಯೇಕ ರಾಜ್ಯದ ಚಳವಳಿಯ ಈಗಿನ ಪದ್ಧತಿ ಇದು, ರಸ್ತೆಯಲ್ಲೇ ಅಡುಗೆ, ರಸ್ತೆಯಲ್ಲೇ ಊಟ. ಸುಮ್ಮನೆ ಇಳಿದು ಒಂದು ತುತ್ತು ಉಂಡಿದ್ದರೆ ಆಗುತ್ತಿತ್ತು. ನಾನು ಜಾಣ. ಹೊಲದ ದಾರಿ ಹಿಡಿದೆ. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂತು. ಆಚೆ ಜಾಲಿ ಮುಳ್ಳು, ಈಚೆ ಟ್ರೇಲರಿನ ಕೊಂಡಿ. ನಾನು ಮುಳ್ಳಿಗೆ ಹೆದರಿದೆ.

ಕರ್‍ರ್.

ಹಿಂದಿನ ಬಾಗಿಲ ಮೇಲೆ ಗೇಣುದ್ದದ ಗೀರು. ಹೆಂಡತಿ ಸುಮಂಗಲಾ ಇಳಿದು ನೋಡಿದಳು.

“ಅಷ್ಟು ಜಾಗಾ ಇತ್ತಲ್ರಿ! ನಿಮಗ ಕಾಣಲಿಲ್ಲೇನು?”

“ನನಗ ಕಂಡಿತ್ತು. ಕಾರಿಗೆ ಕಾಣಲಿಲ್ಲ.”

ಈ ಉತ್ತರಕ್ಕೆ ಅವಳು ಬಾಗಿಲು ಧಡಾರನೆ ಹಾಕಿಕೊಂಡು ಒಳಗೆ ಕೂತಳು.

ಮನೆಗೆ ಹೋಗುವ ಮೊದಲು ಪೇಂಟರ್ ಖಾಜಾ ಭಾಯಿ ಅಂಗಡಿಗೆ ಹೋದೆವು. ಚಳವಳಿಯ ಬಂದ್ ಇದ್ದದ್ದರಿಂದ ಶಟರ್ ಅರ್ಧ ಇಳಿಸಿಕೊಂಡಿದ್ದ. ಬಗ್ಗಿ ಹೊರಗೆ ಬಂದವನೇ ಗೀರಿನ ಮೇಲೆ ಒಂದು ಚೊಂಬು ನೀರು ಸುರಿದ. ಏನಾಶ್ಚರ್ಯ! ಗೀರು ಅರ್ಧಕ್ಕರ್ಧ ಮಾಯ. ನನ್ನ ಜೀವ ಬಂತು. ನೀರು ಆರಿದ ಕೂಡಲೇ ಗೀರು ಹಾಜರ್, ಜೀವ ಹೋಯಿತು.

“ಉಗುರು ಆಡಿಸಿ ನೋಡ್ರಿ ಸಾಬ್. ಸಿಕ್ಕೊಂಡ್ರ ಒಳಗ ಹೋಗ್ಯಾದ ಅಂತ ತಿಳೀರಿ.”

ಸಿಕ್ಕಿಕೊಂಡಿತು.

“ಹಳೇ ಜೀಪಿನ ಜಮಾನಾದಾಗ ಬ್ರಷ್ ಹೊಡಿ, ಖತಂ. ಇದು ಹಂಗಲ್ರಿ. ಬಣ್ಣದ ಮ್ಯಾಲ ಗಾಜಿನಂಥಾದ್ದು ಇನ್ನೊಂದು ಕೋಟ್ ಇರ್ತದ. ಒಂದs ಕಡಿ ಹಚ್ಚಿದ್ರ ತೇಪಿ ಕಾಣ್ತದ. ಪೂರಾ ಬಾಗಲಾ ಮಾಡಬೇಕು. ಕಲರ್ ಹೈದರಾಬಾದಿಂದ ಮಿಕ್ಸ್ ಆಗಿ ಬರಬೇಕು. ಈ ಬಂದ್‌ನಾಗ ರಸ್ತಾ ಎಲ್ಲಿ ಅದರಿ?”

ಸುಮಂಗಲಾ ಬ್ಯಾಗಿನಿಂದ ಸಿಲ್ವರ್ ನೇಲ್ ಪಾಲಿಶ್ ತೆಗೆದಳು. ಖಾಜಾ ಭಾಯಿ ಕಿವಿ ಹಿಡಿದುಕೊಂಡ. “ತೌಬಾ! ಅಕ್ಕಾರ, ಅದನ್ನ ಒಳಗ ಇಡ್ರಿ.”

ಆಮೇಲೆ ಒಳಗೆ ಹೋಗಿ ಒಂದು ಸ್ಟಿಕ್ಕರ್ ತಂದ. ಗೇಣಿಗಿಂತ ಎರಡು ಬೆರಳು ಉದ್ದ. ಗೀರಿಗೆ ಅಳತೆ ತೆಗೆದು ಮಾಡಿಸಿದ ಹಾಗಿತ್ತು. ದೊಡ್ಡ ತೆಲುಗು ಅಕ್ಷರದಲ್ಲಿ ಜೈ ತೆಲಂಗಾಣ.

“ಬ್ಯಾರೆ ಏನೂ ಇಲ್ಲೇನು? ಹೂವು, ಹುಲಿ?” ಅಂದೆ.

“ಈಗ ಇದೊಂದs ನಡೀತದರಿ. ಭಾಳ ಮಂದಿ ಇದಕ್ಕs ಹಚ್ಚಸ್ತಾರ,” ಎಂದು ಗೀರು ತೋರಿಸಿದ.

ಅಂದಿನಿಂದ ಊರಿನ ಕಾರುಗಳನ್ನು ನೋಡುವ ನನ್ನ ಕಣ್ಣೇ ಕೆಟ್ಟಿದೆ. ಬಾನೆಟ್ ಮೇಲೆ ಒಂದು ಜೈ, ಬಂಪರ್ ಮೇಲೆ ಇನ್ನೊಂದು. ಯಾವುದು ಅಭಿಮಾನ, ಯಾವುದು ಕೊಂಡಿ ತಾಗಿದ್ದು?

ಆದರೆ ನನ್ನ ಸಂಕಟ ಬೇರೆ. ನಮ್ಮ ಮಾವನ ಮುಂದೆ ಚಳವಳಿಯ ಸುದ್ದಿ ಎತ್ತುವಂತಿಲ್ಲ. “ಐವತ್ತಾರರಾಗs ರಾಜ್ಯ ಹಂಚುವಾಗ ನಮ್ಮನ್ನ ಕನ್ನಡದ ಕಡಿ ಹಾಕಬೇಕಿತ್ತು, ಹಾಕಲಿಲ್ಲ. ಈಗ ಇವರು ಯಾವ ರಾಜ್ಯ ಮಾಡ್ಕೊಂಡ್ರ ನಮಗೇನ್ರಿ?” ಎಂಬುದು ಅವರ ಸಿದ್ಧಾಂತ. ಅಂಥವರ ಕಾರಿನ ಬಾಗಿಲ ಮೇಲೆ ಇದು! ಗೀರೋ, ಘೋಷಣೆಯೋ? ಯಾವುದಕ್ಕೆ ಕಡಿಮೆ ಬೈಗುಳ?

ಘೋಷಣೆ ಅಂಟಿಸಿಕೊಂಡು ಮನೆಗೆ ಹೋದೆ.

ಮಾವ ಕನ್ನಡಕ ಏರಿಸಿ ನೋಡಿದರು. “ಇದೇನ್ರಿ?”

“ರಸ್ತಾ ರೋಕೋದಾಗ ಹಚ್ಚಿಬಿಟ್ರು ಮಾವಾರ. ಈಗ ತಗದ್ರ ಹಾದ್ಯಾಗ ಗಾಡಿ ತಡೀತಾರ. ತಾಂಡೂರು ಮುಟ್ಟಿದ ಮ್ಯಾಲ ತಗೀರಿ.”

ಬಾಯಿಂದ ಸುಳ್ಳು ಸಲೀಸಾಗಿ ಬಂತು. ಸುಮಂಗಲಾ ನನ್ನನ್ನು ನೋಡಿದ ನೋಟ ಬರೆಯುವಂಥದ್ದಲ್ಲ. ಮಾವ ಗೊಣಗುತ್ತಲೇ ಮರುದಿನ ಬೆಳಗ್ಗೆ ಹೊರಟರು. ನಾನು ಇಡೀ ದಿನ ಫೋನಿನ ಹತ್ತಿರ ಸುಳಿಯಲಿಲ್ಲ.

ಸಂಜೆ ಅವರದೇ ಫೋನ್. ದನಿಯಲ್ಲಿ ಸಿಟ್ಟಿಲ್ಲ, ಹುರುಪು!

“ಅಳಿಯಂದ್ರ, ಹಾದ್ಯಾಗ ತಡದ್ರು. ಸ್ಟಿಕ್ಕರ್ ನೋಡಿ ‘ಪೆದ್ದಾಯನಾ, ರಂಡಿ’, ಅಂದ್ರ ಹಿರಿಯರ ಬರ್ರಿ, ಅಂತ ತೆಲುಗಿನ್ಯಾಗ ಕರದು ಕೈ ಹಿಡದು ಶಾಮಿಯಾನದಾಗ ಕೂಡಿಸಿದ್ರು. ಚಿತ್ರಾನ್ನ ಕೊಟ್ರು. ಆಮ್ಯಾಲ ಮೈಕ್ ಕೊಟ್ರು!”

“ನೀವು... ಮಾತಾಡಿದ್ರೇನ್ರಿ?”

“ಕನ್ನಡದಾಗs ಮಾತಾಡಿದೆ. ರಾಜ್ಯ ಮಾಡ್ಕೋರಿ, ಆದ್ರ ಅದರಾಗ ನಾವೂ ಇದ್ದೀವಿ, ನಮ್ಮ ಮಕ್ಕಳಿಗೆ ಕನ್ನಡ ಸಾಲಿ ಉಳಸ್ರಿ ಅಂದೆ. ಅರ್ಧಾ ಮಂದಿಗೆ ತಿಳೀತು. ಚಪ್ಪಾಳಿ ಎಲ್ಲಾರೂ ಹೊಡದ್ರು. ಇಷ್ಟು ವರ್ಷದಾಗ ನಮ್ಮನ್ನ ಯಾರು ಕೇಳ್ಯಾರ ಹೇಳ್ರಿ?”

ನನಗೂ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. (ಈ ಸಲ.) ಅಂಗಡಿ ಕಟ್ಟೆಯ ಮೇಲೆ ಕೂತು ಒಬ್ಬರೇ ವಾದಿಸುತ್ತಿದ್ದ ಮನುಷ್ಯನ ಮಾತು ಒಂದು ಗುಂಪು ಕೂತು ಕೇಳಿತ್ತು.

“ಸ್ಟಿಕ್ಕರ್ ಇರಲಿ ಬಿಡ್ರಿ ಮಾವಾರ,” ಅಂದೆ, ದೊಡ್ಡ ಮನಸ್ಸು ಮಾಡಿ.

“ಇರಲಿ ಅಂದ್ರ? ಕನ್ನಡದಾಗ ಇರಬೇಕು. ನೀವು ಬರಿಯೋ ಮಂದಿ, ಚಂದ ಅಕ್ಷರದಾಗ ಒಂದು ಮಾಡಿಸಿಡ್ರಿ. ಮುಂದಿನ ಐತವಾರ ಬರ್ತೀನಿ.”

“ಹಳೇದರ ಮ್ಯಾಲs ಹಚ್ಚಿಬಿಡೋಣ್ರಿ!”

“ಛೇ, ಒಂದರ ಮ್ಯಾಲ ಒಂದು ಚಂದ ಕಾಣಂಗಿಲ್ಲ. ಹಳೇದು ನಾನs ನನ್ನ ಕೈಯಾರೆ ನಿಧಾನಕ್ಕ ಕೀಳ್ತೀನಿ. ನೀವು ಅವಸರಾ ಮಾಡಿ ಬಣ್ಣಕ್ಕ ಗೀರು ಹಾಕ್ಗೀಕೀರಿ!”

ಕನ್ನಡ ಸ್ಟಿಕ್ಕರ್ ತಯಾರಾಗಿದೆ, ಅಕ್ಷರ ಮುತ್ತಿನಂತಿವೆ. “ಮದಲs ಹೇಳಿಬಿಡ್ರಿ,” ಅನ್ನುತ್ತಾಳೆ ಸುಮಂಗಲಾ. ದಿನಾ ಫೋನ್ ಎತ್ತುತ್ತೇನೆ, ಮೊಣಕಾಲು ನೋವು ಹೇಗಿದೆ ಎಂದು ಕೇಳಿ ಇಡುತ್ತೇನೆ.

ದಿಲ್ಲಿಯವರು ಇಡೀ ರಾಜ್ಯವನ್ನೇ ಇಷ್ಟು ವರ್ಷದಿಂದ ಮುಂದೂಡುತ್ತ ಬಂದಿದ್ದಾರೆ. ಒಂದೇ ಒಂದು ಭಾನುವಾರ ಮುಂದೂಡುವುದು ಹೇಗೆಂದು ಅವರನ್ನೇ ಕೇಳಲೇ?