ಒಬ್ಬನೇ ಗಿರಾಕಿಯ ಪರದೆ

ಗೋವಾದ ವಾಸ್ಕೋದಲ್ಲಿರುವ ಆ ಪಾತ್ರೆ ಅಂಗಡಿಯಲ್ಲಿ ಸಾಲು ಎಂಬುದಿಲ್ಲ. ಒಬ್ಬಾಕೆ ಹಿತ್ತಾಳೆಯ ದೀಪದ ಕಂಬ ಆಯ್ದುಕೊಳ್ಳುತ್ತಿರುವಾಗಲೇ ಇನ್ನೊಬ್ಬರು ಕುಕ್ಕರಿನ ಗ್ಯಾಸ್ಕೆಟ್ ಕೇಳುತ್ತಾರೆ. ಮೂರನೆಯವರು ನಾಲ್ಕು ತಾಟು ಗಲ್ಲೆಯ ಮೇಲಿಟ್ಟು, ಈಗ ಬಂದೆ ಎಂದು ಕೊಂಕಣಿಯಲ್ಲಿ ಹೇಳಿ ತರಕಾರಿ ಪೇಟೆಗೆ ಹೋಗಿಬಿಡುತ್ತಾರೆ. ಎಲ್ಲರನ್ನೂ ಒಟ್ಟಿಗೇ ಸುಧಾರಿಸಬೇಕು. ಬೆಳಗಾವಿಯಿಂದ ಬಂದು ಅಂಗಡಿ ಹಾಕಿದ ಯಜಮಾನರು ಇದನ್ನು ಬಾಯಿಲೆಕ್ಕದಲ್ಲೇ ನಿಭಾಯಿಸುತ್ತಿದ್ದರು. ಕಳೆದ ಮಳೆಗಾಲದಲ್ಲಿ ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಚೌತಿಯ ವ್ಯಾಪಾರಕ್ಕೆ ತಾನೇ ಗಲ್ಲೆಯಲ್ಲಿ ಕೂರುತ್ತೇನೆ ಎಂದರು ಅವರ ಹೆಂಡತಿ. ಯಜಮಾನರ ತಮ್ಮ, ಆಕೆಯ ಮೈದುನ, ಒಂದು ಷರತ್ತು ಹಾಕಿದ: ಕಂಪ್ಯೂಟರಿನಲ್ಲಿ ಬಿಲ್ಲು ಸರಾಗವಾಗಿ ಆಗಬೇಕು, ಇಲ್ಲದಿದ್ದರೆ ಅಲ್ಲಿ ಕೂರುವವನು ತಾನು.

ಅದನ್ನು ಆಗಿಸುವ ಕೆಲಸ ನನ್ನದು. ಪತ್ರಿಕೆಯ ಡೆಸ್ಕ್ ಬಿಟ್ಟ ಮೇಲೆ ನಾನು ಸಣ್ಣ ಅಂಗಡಿಗಳಿಗೆ ಮುಕ್ತ ತಂತ್ರಾಂಶವೊಂದನ್ನು ಹಾಕಿಕೊಡುತ್ತೇನೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಸ್ಟಾಕು, ತೆರಿಗೆ, ಬಿಲ್ಲು ಎಲ್ಲವೂ ಅದರಲ್ಲಿದೆ. ಆದರೆ ಅದರ ಬಿಲ್ಲಿನ ಪರದೆಗೆ ಒಂದು ಸಲಕ್ಕೆ ಒಬ್ಬನೇ ಗಿರಾಕಿ. ಎರಡನೆಯವರ ಬಿಲ್ಲು ತೆರೆಯಲು ಮೊದಲನೆಯದನ್ನು ಮುಚ್ಚಬೇಕು. ಈ ಅಂಗಡಿಗೆ ಪರದೆಯನ್ನೇ ಹೊಸದಾಗಿ ಕಟ್ಟಬೇಕಿತ್ತು.

ಯಾವುದರಿಂದ? ಸಾದಾ ಜಾವಾಸ್ಕ್ರಿಪ್ಟ್ ಕೋಡನ್ನು ಕೈಯಾರೆ ಬರೆದು ಸೇರಿಸುವ ಹಳೆಯ ದಾರಿಯಿತ್ತು. ತಂತ್ರಾಂಶ ರೂಪಿಸಿದವರು ಈಗ ಪರದೆ ಕಟ್ಟುವ ವ್ಯೂ ಎಂಬ ಹೊಸ ಸಲಕರಣೆಯ ಕಡೆಗೆ ಹೊರಳಿದ್ದರು. ಬಳಕೆದಾರರ ಗುಂಪಿನಲ್ಲಿ ಹಲವರು ಅದಲ್ಲ, ಅಂಥದ್ದೇ ಇನ್ನೊಂದು, ರಿಯಾಕ್ಟ್ ಎನ್ನುತ್ತಿದ್ದರು. ಎರಡು ಮೂಲಗಳು ಒಂದೇ ಮಾತು ಹೇಳದೆ ಸುದ್ದಿಯನ್ನು ಅಚ್ಚಿಗೆ ಬಿಟ್ಟವನಲ್ಲ ನಾನು. ಇಲ್ಲಿ ಎರಡು ಮೂಲಗಳು ಒಮ್ಮೆಯೂ ಒಪ್ಪಲಿಲ್ಲ. ವ್ಯೂ ಕಲಿಯಲು ಕುಳಿತೆ. ಪಾಠದಲ್ಲಿದ್ದ ಕಮಾಂಡ್ ನನ್ನಲ್ಲಿದ್ದ ತಂತ್ರಾಂಶದ ಆವೃತ್ತಿಯಲ್ಲಿ ಇರಲಿಲ್ಲ. ಆವೃತ್ತಿ ಏರಿಸಿದೆ, ತೆರಿಗೆಯ ಭಾಗ ಕೆಟ್ಟಿತು. ಮತ್ತೆ ಇಳಿಸಿದೆ. ಗುಂಪಿನಲ್ಲಿ ಕೇಳಿದರೆ ಬಂದ ಉತ್ತರ, ಕೈಪಿಡಿ ಓದಿ. ತಪ್ಪಿದ್ದದ್ದೇ ಕೈಪಿಡಿ. ಶ್ರಾವಣ ಬಂದರೂ ತೋರಿಸಲು ನನ್ನ ಬಳಿ ಇದ್ದದ್ದು ಚೆಂದದ ಒಂದು ಬಟನ್ ಮಾತ್ರ.

"ಸರ, ನಿಮ್ಮ ಸ್ಕ್ರೀನ್ ಚೌತಿಗಿ ಬರ್ತದೋ, ವಿಸರ್ಜನಕ್ಕ ಬರ್ತದೋ?" ಎಂದ ಮೈದುನ.

"ನೀ ಸುಮ್ನಿರೋ," ಎಂದು ಯಜಮಾನರ ಹೆಂಡತಿ ನನ್ನತ್ತ ತಿರುಗಿದರು. "ಚಂದ ಇರೂದು ಬ್ಯಾಡ್ರಿ ಸರ. ನಾಕು ಮಂದಿ ಒಮ್ಮಿಗೇ ಕಾಣ್ಲಿ, ಸಾಕು. ಇಲ್ಲಂದ್ರ ಇಂವ ನನ್ನ ಮತ್ತ ಒಲಿ ಮುಂದ ಕಳಸ್ತಾನ."

"ವೈನಿ, ನಿಮ್ಮ ಕೈಯಾನ ಹೋಳಗಿ ಬಿಟ್ಟು ಹೆಂಗ ಇರೂದ್ರಿ?" ಅವನು ನಕ್ಕ. ಆಕೆ ನಗಲಿಲ್ಲ.

ಅಂದೇ ವ್ಯೂ ಕೈಬಿಟ್ಟೆ. ಹಳೆಯ ದಾರಿಯಲ್ಲೇ, ಒಂದೇ ಪುಟದಲ್ಲಿ ನಾಲ್ಕು ಚೌಕ ಕೂರಿಸಿದೆ, ಚೌಕಕ್ಕೊಬ್ಬ ಗಿರಾಕಿ. ನೋಡಲು ಒರಟು, ಬಣ್ಣವೂ ಹೊಂದಲಿಲ್ಲ. ಆದರೆ ನಡೆಯಿತು. ಚೌತಿಯ ವಾರ ಆಕೆ ಗಲ್ಲೆಯಲ್ಲಿ ಕೂತರು. ಗಿರಾಕಿಯ ಹೆಸರಿನ ಜಾಗದಲ್ಲಿ ‘ಹಸರ ಸೀರಿ’, ‘ಗದ್ದಲ ಮಾಡಾಂವ’ ಎಂದು ತುಂಬಿಕೊಳ್ಳುತ್ತಿದ್ದರು. ಮೈದುನ ಏಣಿ ಹತ್ತಿ ಪಾತ್ರೆ ಇಳಿಸಿಕೊಡುತ್ತಿದ್ದ.

ಅದೇ ವಾರ ತಂತ್ರಾಂಶದ ಮುಂದಿನ ಆವೃತ್ತಿಯ ಟಿಪ್ಪಣಿ ಬಂತು. ಹಳೆಯ ದಾರಿಯನ್ನು ತೆಗೆಯಲಿದ್ದಾರೆ, ಅದರೊಂದಿಗೆ ನನ್ನ ನಾಲ್ಕು ಚೌಕಗಳೂ ಹೋಗುತ್ತವೆ. ಯಾವಾಗ ಎಂದು ಬರೆದಿರಲಿಲ್ಲ.

"ದೀಪಾವಳಿಗೂ ನಾನ ಕೂಡಾಕಿ," ಎಂದರು ಆಕೆ. "ಇದು ಇರ್ತದಲ್ರಿ ಸರ?"

ಆವೃತ್ತಿ ಏರಿಸದೆ ದೀಪಾವಳಿಯವರೆಗೆ ಉಳಿಸಿಕೊಳ್ಳಬಹುದು, ಆಮೇಲಿನದು ಗೊತ್ತಿಲ್ಲ ಎಂದೆ. ಕಾರಣವನ್ನೂ ಹೇಳಿದೆ.

"ಹಂಗಾರ ಈಗಿಂದನ ಕಲಿಯಾಕ ಹತ್ರಿ," ಎಂದು ಆಕೆ ಮೂರನೆಯ ಚೌಕಕ್ಕೆ ಬೆರಳಿಟ್ಟರು.

ಮನೆಗೆ ಬಂದು ವ್ಯೂನ ಮೊದಲ ಪಾಠ ತೆರೆದೆ. ಆ ಪುಟವನ್ನು ತೆಗೆದುಹಾಕಿದ್ದರು.