ಬೀಗ ಹಾಕಿದ ಬಕೆಟ್ಟುಗಳು

ಹೋದ ವಾರ ಹರಿಹರ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಮರಳು ತುಂಬಿದ ನಾಲ್ಕು ಕೆಂಪು ಬಕೆಟ್ಟುಗಳನ್ನು ಕಂಡೆ. ನೀವೂ ಕಂಡಿರುತ್ತೀರಿ. ಯಾರೂ ಒಯ್ಯದಿರಲೆಂದು ಹಿಡಿಕೆಗಳಿಗೆ ತಂತಿ ಬಿಗಿದಿದ್ದರು. ಆ ಜಾಣ ಯಾರೋ ಗೊತ್ತಿಲ್ಲ. ಅಂಥ ಇನ್ನೊಬ್ಬನನ್ನು ಮಾತ್ರ ದಿನಾ ಕನ್ನಡಿಯಲ್ಲಿ ನೋಡುತ್ತೇನೆ.

ಐವತ್ತರ ದಶಕದ ಕೊನೆಗೆ ನಾನು ದಾವಣಗೆರೆಯ ಒಂದು ಹತ್ತಿ ಜಿನ್ನಿನಲ್ಲಿ ಸ್ಟೋರ್ ಗುಮಾಸ್ತ. ಹತ್ತಿಯಿಂದ ಬೀಜ ಬಿಡಿಸುವ ಜಾಗ. ಒಂದು ಕಿಡಿ ಸಾಕು. ಅದಕ್ಕೇ ಅಂಗಳದಲ್ಲಿ ನೀರಿನ ತೊಟ್ಟಿ, ಗೋಡೆಗೆ ಹನ್ನೆರಡು ಕೆಂಪು ಬಕೆಟ್ಟು. ಬೇಸಿಗೆಯಲ್ಲಿ ಅವು ಮಾಯವಾಗುತ್ತಿದ್ದವು. ಹತ್ತಿ ಆರಿಸುವ ಹಾಲಮ್ಮ ಒಂದನ್ನು ಮನೆಗೆ ಒಯ್ದಿದ್ದಳು.

"ಬೆಂಕಿ ಬಿದ್ದಾಗ ತಂದುಕೊಡ್ತೀನಿ ಬಿಡ್ರಿ. ಈಗ ಮಕ್ಳಿಗೆ ನೀರು ಬ್ಯಾಡೇನ್ರಿ?"

ಎಲ್ಲರೆದುರು ಬೈದು ವಾಪಸು ತರಿಸಿದೆ. ಹನ್ನೆರಡಕ್ಕೂ ಸೇರಿಸಿ ಸರಪಳಿ ಹಾಕಿ ಬೀಗ ಜಡಿದೆ. "ಈಗ ಭದ್ರ ಆತು ನೋಡಪ್ಪ" ಎಂದು ಸಾಹುಕಾರರು ಬೆನ್ನು ತಟ್ಟಿದರು. ಅಷ್ಟಕ್ಕೇ ಉಬ್ಬಿ, ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ.

ಹೆಣ್ಣು ನೋಡಲು ಹರಿಹರಕ್ಕೆ ಹೋದ ದಿನವೂ ಅದು ಸೊಂಟದಲ್ಲೇ ಇತ್ತು. ಹೊಳೆಯಲ್ಲಿ ಮಿಂದು, ಅವರ ಮನೆಯಲ್ಲಿ ಉಪ್ಪಿಟ್ಟು ತಿಂದು ಬಂದೆ. ಆ ಹುಡುಗಿಯೇ ನನ್ನ ಹೆಂಡತಿ. ಉಪ್ಪಿಟ್ಟು ಇಂದಿಗೂ ಚೆನ್ನಾಗಿಯೇ ಮಾಡುತ್ತಾಳೆ, ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಅಂದು ಸಂಜೆ ರೈಲಿಳಿದು ಬಂದರೆ ಜಿನ್ನಿನ ಅಂಗಳವೆಲ್ಲ ಕರಿಬೂದಿ. ಯಂತ್ರದ ಕಿಡಿ ಹತ್ತಿಯ ರಾಶಿಗೆ ಹಾರಿತ್ತಂತೆ. ಹಾಲಮ್ಮ ಮೊದಲು ಓಡಿದ್ದು ಬಕೆಟ್ಟಿಗೆ. ಎಳೆದಳು, ಬರಲಿಲ್ಲ. ಒಳಗೆ ಇನ್ನೊಬ್ಬಾಕೆ ಸಿಕ್ಕಿಕೊಂಡಿದ್ದಳು. ಹಾಲಮ್ಮ ತೊಟ್ಟಿಯಲ್ಲಿ ಗೋಣಿಚೀಲ ಅದ್ದಿಕೊಂಡು ನುಗ್ಗಿ, ಅವಳನ್ನು ಹೊರಗೆಳೆದಳು. ಆಕೆ ಬದುಕಿದಳು. ಹಾಲಮ್ಮನ ಎರಡೂ ಕೈಯ ಬೆರಳು ಸುಟ್ಟು ಒಂದಕ್ಕೊಂದು ಅಂಟಿದವು. ಮತ್ತೆಂದೂ ಅವಳು ಹತ್ತಿ ಆರಿಸಲಿಲ್ಲ.

ಆಸ್ಪತ್ರೆಗೆ ಹೋಗಿ ತಲೆತಗ್ಗಿಸಿ ನಿಂತೆ.

"ಬಕೀಟು ಅದಾವೇನ್ರಿ?" ಎಂದು ಕೇಳಿದಳು.

"ಅದಾವಮ್ಮ."

"ಹನ್ನೆರಡೂ?"

"ಹನ್ನೆರಡೂ."

"ಭದ್ರ ಅದಾವೆ, ಬಿಡ್ರಿ" ಎಂದು ಗೋಡೆಯ ಕಡೆ ತಿರುಗಿದಳು. ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹೋದ ವಾರ ಆ ಬಂಕಿನಲ್ಲಿ ಸುಮ್ಮನಿರಲಾಗದೆ ತಂತಿ ಬಿಚ್ಚತೊಡಗಿದೆ. ಮ್ಯಾನೇಜರ್ ಓಡಿಬಂದ. "ಯಾಕ್ರಿ ಯಜಮಾನ್ರೆ, ಯಾರಾದ್ರೂ ಹೊತ್ಕಂಡು ಹೋದ್ರೆ?"

"ಹೋಗ್ಲಿ ಬಿಡಪ್ಪ" ಎಂದೆ. ಆ ಮಾತು ನನ್ನ ಬಾಯಿಂದ ಬರಲು ಇಷ್ಟು ವರ್ಷ ಬೇಕಾಯಿತು. ಬೆರಳು ತರಚಿಕೊಂಡು ನಾಲ್ಕನ್ನೂ ಬಿಚ್ಚಿ ಮನೆಗೆ ಬಂದೆ.

ನಿನ್ನೆ ಮತ್ತೆ ಆ ಕಡೆ ಹೋಗಿದ್ದೆ. ತಂತಿ ಇರಲಿಲ್ಲ. ಸರಪಳಿ ಇತ್ತು, ಹೊಸ ಬೀಗ ಇತ್ತು.