ತಮ್ಮನ ಸುರ ಇಳಿಸಿದ್ದು

ಹಳೆಯ ಹಾರ್ಮೋನಿಯಂ ಒಂದಕ್ಕೆ ನಾನು ಕೊಟ್ಟಿದ್ದು ಹದಿನಾಲ್ಕು ನೂರು ರೂಪಾಯಿ, ಮೇಲೊಂದು ಸ್ಟೀಲ್ ಕೊಡ. ಸವದತ್ತಿಯ ಅಂಗಡಿಯವರು ಎರಡು ಸಾವಿರಕ್ಕೆ ಪಟ್ಟು ಹಿಡಿದಿದ್ದರು. ಹಳೆ ಸೀರೆ ತೆಗೆದುಕೊಂಡು ಪಾತ್ರೆ ಕೊಡುತ್ತ ಓಣಿ ಓಣಿ ತಿರುಗಿ, ಆಮೇಲೆ ಬೈಲಹೊಂಗಲದಲ್ಲಿ ಸ್ವಂತ ಅಂಗಡಿ ಹಾಕಿದವಳು ನಾನು. ಹೇಳಿದ ಬೆಲೆಗೆ ಏನನ್ನೂ ಕೊಂಡವಳಲ್ಲ.

ಕೊಂಡದ್ದು ತಮ್ಮನಿಗಾಗಿ. ಕುಡಿತ ಬಿಡಿಸುವ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ. ಸಂಜೆ ಹೊತ್ತು ಕೈ ಖಾಲಿ ಇರಬಾರದು ಎಂದಿದ್ದರು ಡಾಕ್ಟರು. ಅವನು ಭಜನಾ ಮೇಳದ ಮುಖ್ಯ ಹಾಡುಗಾರ. ಹಾಡುತ್ತಿದ್ದರೆ ಉಳಿದುಕೊಳ್ಳುತ್ತಾನೆ ಎಂಬುದು ನನ್ನ ಲೆಕ್ಕ.

ಪೇಟಿ, ಅಂದರೆ ಆ ಹಾರ್ಮೋನಿಯಂ, ಮನೆಗೆ ಬಂದ ದಿನವೇ ಲೆಕ್ಕ ತಪ್ಪಿದ್ದು ಗೊತ್ತಾಯಿತು. ಭಜನೆಯ ಪದ ಎತ್ತುವನು, ಮೇಲಿನ ಸಾಲಿಗೆ ಹೋಗುತ್ತಲೇ ನಿಲ್ಲಿಸುವನು, ಕುತ್ತಿಗೆ ಒರೆಸಿಕೊಂಡು ಚಪ್ಪಲಿ ಹುಡುಕುವನು. ಹಾಲಿನ ಕ್ಯಾನು ಹಿಡಿದು, ಹಾಲು ತರುವ ನೆಪದಲ್ಲಿ ನಾನೂ ಹಿಂದೆ ಹೋಗುತ್ತಿದ್ದೆ. ಒಂದು ದಿನ ತಡೆದು ಕೇಳಿದೆ.

"ಕುಡೀದ ಗಂಟಲ ಏಳಂಗಿಲ್ಲಕ್ಕ. ಕರಿ ನಾಕಕ್ಕ ಹಾಡೂದಂದ್ರ ಎರಡ ಗುಟುಕ ಬೇಕ. ನಮ್ಮ ಮೇಳದಾಗ ಎಲ್ಲಾರೂ ಹಂಗ."

ಕರಿ ನಾಲ್ಕು ಎಂದರೆ ಪೇಟಿಯಲ್ಲಿ ಒತ್ತುವ ಕಪ್ಪು ಮನೆಗಳಲ್ಲಿ ನಾಲ್ಕನೆಯದು. ಅಲ್ಲಿಂದ ಸುರ ಹಿಡಿದರೆ ದನಿ ಊರಾಚೆ ಕೇಳಬೇಕು. ಮೈಕಿಲ್ಲದ ಕಾಲದ ಹೆಮ್ಮೆ ಅದು.

"ಹಂಗಾದ್ರ ಇಳಿಸು," ಎಂದೆ.

"ಸುರ ಅಂದ್ರ ಬದನಿಕಾಯಿ ಅಲ್ಲಕ್ಕ, ಚೌಕಾಸಿ ಮಾಡಾಕ."

"ನಿನ್ನ ಗಂಟಲಕ್ಕ ಗಿಟ್ಟೂ ರೇಟಿಗೆ ಹಾಡು. ಯಾರ ಬ್ಯಾಡ ಅಂತಾರ?"

"ಮೇಳದವರು ನಗತಾರ."

ಆದರೂ ಮನೆಯಲ್ಲಿ ಕರಿ ಒಂದಕ್ಕೆ ಇಳಿಸಿ ಹಾಡತೊಡಗಿದ. ಚಪ್ಪಲಿ ಹುಡುಕುವುದು ಕಡಿಮೆಯಾಯಿತು.

ಅಷ್ಟರಲ್ಲಿ ಸುರೇಬಾನದ ಬೀಗರ ಹೊಸ ಮನೆಯ ಪೂಜೆಗೆ ಮೇಳಕ್ಕೆ ಕರೆ ಬಂತು. ನಾನು ಅಂಗಡಿ ಮುಚ್ಚಿ ಜೊತೆಗೇ ಹೊರಟೆ. ಹಾಡು ಹೇಗೆ ಬರುತ್ತದೆ ಎಂಬ ಚಿಂತೆ ನನಗಿರಲಿಲ್ಲ. ಹಾಡುವ ಮುಂಚೆ ಮೇಳದವರೆಲ್ಲ ಹಿತ್ತಲಿನ ಬಣವೆ ಹಿಂದೆ ಹೋಗಿ ಎರಡು ಗುಟುಕು ಹಾಕಿ ಬರುವುದು ವಾಡಿಕೆ. ಇವನು ಹೋಗದಿದ್ದರೆ ಸಾಕಿತ್ತು.

ಊಟವಾಗಿ ಜಮಖಾನ ಹಾಸಿದರು. ತಬಲಾದವನು ಇವನ ಹಳೆಯ ಜೊತೆಗಾರ. ಬಂದು ರಟ್ಟೆ ಹಿಡಿದ.

"ಬಾರಪಾ, ಗಂಟಲ ತೊಳಕೊಂಡ ಬರೂಣು."

"ಬ್ಯಾಡ. ಇವತ್ತ ಕರಿ ಒಂದಕ್ಕ ಹಾಡತೇನಿ."

"ಕರಿ ಒಂದಾ? ಏನ್ ತೊಟ್ಟಲಾ ತೂಗಾಕ ಬಂದಿ? ನನ್ನ ತಬಲಾ ಕರಿ ನಾಕಕ್ಕ ಐತಿ. ಅಷ್ಟ ಇಳಿಯಂಗಿಲ್ಲ."

"ಇಳಿಸಬ್ಯಾಡ. ಕರಿ ಒಂದರ ಪಂಚಮ ಕರಿ ನಾಕ ಅಲ್ಲೇನು? ಹೊಂದತೈತಿ, ನೋಡು."

ತಬಲಾದವನು ಒಂದು ಪೆಟ್ಟು ಹಾಕಿ ನೋಡಿದ. ಹೊಂದಿತು. ಆದರೂ ರಟ್ಟೆ ಬಿಡಲಿಲ್ಲ. "ಆತು, ಹಂಗ ಹಾಡು. ಮೊದಲ ಹೋಗಿ ಬರೂಣಲ್ಲಾ."

ಉಳಿದವರು ಎದ್ದರು. ತಮ್ಮನೂ ಅರ್ಧ ಎದ್ದ. ಹಿತ್ತಲ ಬಾಗಿಲು ಕಾಣುವ ಕಡೆ ಕೂತಿದ್ದ ನಾನು ಚಹಾದ ತಾಟು ಕೆಳಗಿಟ್ಟೆ. ಬಾಯಿ ಬಿಟ್ಟರೆ ನಾಲ್ಕು ಜನರ ಮುಂದೆ ಅವನ ಮಾನ ಹೋಗುತ್ತದೆ, ಬಿಡದಿದ್ದರೆ ಅವನೇ ಹೋಗುತ್ತಾನೆ. ಅವನು ನನ್ನ ಕಡೆ ನೋಡಲಿಲ್ಲ. ರಟ್ಟೆ ಬಿಡಿಸಿಕೊಂಡು ಮತ್ತೆ ಕೂತು, ಪೇಟಿಗೆ ಗಾಳಿ ತುಂಬಿ ಪದ ಎತ್ತಿಯೇ ಬಿಟ್ಟ. ಪದ ಎತ್ತಿದ ಮೇಲೆ ತಬಲಾ ಬಿಟ್ಟು ಏಳುವುದು ಮೇಳದಲ್ಲಿ ಮರ್ಯಾದೆಯಲ್ಲ. ತಬಲಾದವನು ಬೈದುಕೊಂಡೇ ಕೂತ.

ದನಿ ಒಡೆಯಲಿಲ್ಲ. ನನ್ನ ಪಕ್ಕದ ಮುದುಕಿಯೊಬ್ಬರು, "ಇಷ್ಟ ವರ್ಸ ಒದರೂದ ಕೇಳಿದ್ದೆವಾ. ಪದದಾಗ ಏನೈತಿ ಅನ್ನೂದ ಇವತ್ತ ತಿಳೀತ," ಎಂದರು. ನನಗೆ ಅದನ್ನು ಕೇಳಿ ಖುಷಿಪಡುವ ಪುರುಸೊತ್ತಿರಲಿಲ್ಲ. ಬಸ್ಸು ಹತ್ತಿ ಅವನು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗುವವರೆಗೂ ಅವನ ಕಾಲನ್ನೇ ಕಾಯುತ್ತಿದ್ದೆ.

ಮುಂದೊಮ್ಮೆ ಜಾರಿದ. ಮತ್ತೆ ಆಸ್ಪತ್ರೆ, ಮತ್ತೆ ಮಾತ್ರೆ. ಪೇಟಿ ಒಂದೇ ಉಳಿಸಿತು ಎಂದು ನಾನು ಹೇಳುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ವಾದ್ಯ ಕೊಳ್ಳುವ ಮುಂಚೆ ಅವರು ಕುಡಿಯುತ್ತಿದ್ದದ್ದು ಹಾಡಿನ ಮುಂಚೆಯೋ ಆಮೇಲೋ ಎಂದು ಕೇಳಿ ತಿಳಿದುಕೊಳ್ಳಿ. ಹಾಡು ಬಿಡಿಸಬೇಡಿ, ಕುಡಿಯದ ಗಂಟಲಿಗೆ ಎಟಕುವ ಸುರ ಹುಡುಕಿಸಿ. ಡಾಕ್ಟರ ಮಾತ್ರೆ ತಪ್ಪಿಸಬೇಡಿ. ಮೊದಲ ಸಲ ಮೇಳಕ್ಕೆ ಹೋಗುವಾಗ ನೀವೂ ಹೋಗಿ, ಹಿತ್ತಲ ಬಾಗಿಲು ಕಾಣುವ ಕಡೆ ಕೂತುಕೊಳ್ಳಿ. ಬಾಯಿ ಮಾತ್ರ ಬಿಡಬೇಡಿ.